ಎಳೆಗೂಸಿನ ಹೃದಯದೋಷ: ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ತಲೆದೋರುವ ಅಪಾಯ

ಹುಟ್ಟುವ ಪ್ರತಿ ನೂರು ಮಕ್ಕಳಲ್ಲಿ ಸುಮಾರು ಒಂದು ಮಗುವಿನ ಹೃದಯದ ರಚನೆಯಲ್ಲಿ ಒಂದಲ್ಲ ಒಂದು ದೋಷವಿರುತ್ತದೆ. ಹೃದಯದ ಗೋಡೆಯಲ್ಲಿ ಮುಚ್ಚದೆ ಉಳಿದ ಸಣ್ಣ ರಂಧ್ರದಿಂದ ಹಿಡಿದು ಎಡಭಾಗವೇ ಬೆಳೆಯದೆ ಹೋದ ಸ್ಥಿತಿಯವರೆಗೆ ಇದರ ವ್ಯಾಪ್ತಿ ಹರಡಿದೆ. ಭಾರತದಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಮಕ್ಕಳು ಇಂಥ ದೋಷದೊಂದಿಗೆ ಹುಟ್ಟುತ್ತಾರೆಂದು ತಜ್ಞರು ಅಂದಾಜು ಮಾಡಿದ್ದಾರೆ. ಅವರಲ್ಲಿ ಸುಮಾರು ಐದನೇ ಒಂದು ಪಾಲು ಮಕ್ಕಳಿಗೆ ಮೊದಲ ವರ್ಷದೊಳಗೇ ಶಸ್ತ್ರಚಿಕಿತ್ಸೆಯೋ, ರಕ್ತನಾಳದೊಳಗೆ ತೂರಿಸುವ ಸಪೂರ ಕೊಳವೆಯಾದ ಕ್ಯಾತಿಟರ್ ಮೂಲಕ ಮಾಡುವ ಚಿಕಿತ್ಸೆಯೋ ಬೇಕಾಗುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಮಟ್ಟಿಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ಅತ್ಯಂತ ಅಪಾಯಕಾರಿಯಾದ ದೋಷಗಳು ಹುಟ್ಟಿದ ದಿನ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದಿಲ್ಲ. ಕೂಸು ಅಳುತ್ತದೆ, ಮೊಲೆ ಹಿಡಿಯುತ್ತದೆ, ತೂಕವೂ ಸರಿಯಾಗಿಯೇ ಇರುತ್ತದೆ. ಬಾಣಂತಿ ತವರುಮನೆ ಸೇರಿದ ಮೇಲೆ, ವೈದ್ಯರ ಕಣ್ಣಿನಿಂದ ಮಗು ದೂರವಾದ ಹೊತ್ತಿನಲ್ಲಿ, ಕೆಲವೇ ಗಂಟೆಗಳಲ್ಲಿ ಅದರ ಸ್ಥಿತಿ ಕೈಮೀರುತ್ತದೆ.

ಹೀಗೇಕೆ ಆಗುತ್ತದೆ ಎಂಬುದು ಗೊತ್ತಾಗಬೇಕಾದರೆ ಗರ್ಭದೊಳಗಿನ ರಕ್ತಸಂಚಾರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೊಟ್ಟೆಯೊಳಗಿನ ಮಗು ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ ಆಮ್ಲಜನಕವು ತಾಯಿಯ ರಕ್ತದಿಂದ ಮಾಸಿನ ಮೂಲಕ, ಹೊಕ್ಕುಳಬಳ್ಳಿಯಲ್ಲಿ ಹರಿದು ಬರುತ್ತದೆ. ಶ್ವಾಸಕೋಶಗಳಿಗೆ ಆಗ ಹೆಚ್ಚು ಕೆಲಸವಿಲ್ಲವಾದ್ದರಿಂದ ರಕ್ತದ ಬಹುಪಾಲು ಅವುಗಳನ್ನು ಬಳಸಿಕೊಂಡು ಹೋಗುವಂತೆ ಎರಡು ಅಡ್ಡದಾರಿಗಳಿರುತ್ತವೆ. ಹೃದಯದ ಮೇಲಿನ ಎರಡು ಕೋಣೆಗಳ ನಡುವಣ ಗೋಡೆಯಲ್ಲಿರುವ ಫೊರಾಮೆನ್ ಓವೇಲ್ ಎಂಬ ಕಿಂಡಿ ಒಂದು. ಶ್ವಾಸಕೋಶಕ್ಕೆ ಹೋಗುವ ಧಮನಿಯನ್ನೂ ಇಡೀ ದೇಹಕ್ಕೆ ರಕ್ತ ಒಯ್ಯುವ ಮಹಾಪಧಮನಿಯನ್ನೂ ಕೂಡಿಸುವ ಡಕ್ಟಸ್ ಆರ್ಟೀರಿಯೋಸಸ್ ಎಂಬ ಕಿರುನಾಳ ಇನ್ನೊಂದು. ಮಗು ಹುಟ್ಟಿ ಮೊದಲ ಉಸಿರು ಎಳೆದೊಡನೆ ಶ್ವಾಸಕೋಶಗಳು ಅರಳುತ್ತವೆ, ರಕ್ತದಲ್ಲಿ ಆಮ್ಲಜನಕ ಏರುತ್ತದೆ, ಮಾಸಿನಿಂದ ಬರುತ್ತಿದ್ದ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಇಳಿಯುತ್ತದೆ. ಈ ಬದಲಾವಣೆಗಳಿಂದಾಗಿ ಕಿರುನಾಳ ಸಂಕುಚಿಸತೊಡಗಿ, ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಸಾಮಾನ್ಯವಾಗಿ ಮೊದಲ ಎರಡು ಮೂರು ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಅದು ಶಾಶ್ವತವಾಗಿ ಬೆಸೆದುಹೋಗಲು ಎರಡು ಮೂರು ವಾರ ಬೇಕು.

ಸರಿಯಾದ ಹೃದಯಕ್ಕೆ ಈ ಮುಚ್ಚುವಿಕೆ ಸಹಜವಾದ ಬೆಳವಣಿಗೆ. ದೋಷವಿರುವ ಕೆಲವು ಹೃದಯಗಳಿಗೆ ಮಾತ್ರ ಅದು ಪ್ರಾಣಕ್ಕೇ ಕುತ್ತು. ತುಂಗಭದ್ರಾ ಕಾಲುವೆಯ ಕೊನೆಯಂಚಿನ ರೈತನ ಗದ್ದೆಗೆ ಮುಖ್ಯ ಕಾಲುವೆಯ ನೀರೇ ಬಾರದೆ, ಪಕ್ಕದ ಒಂದು ತೂಬಿನಿಂದ ಬರುವ ನೀರಿನಲ್ಲೇ ಪೈರು ಹಸಿರಾಗಿ ನಿಂತಿದೆ ಎಂದುಕೊಳ್ಳಿ. ಆ ತೂಬು ತೆರೆದಿರುವವರೆಗೆ ದಾರಿಹೋಕರಿಗೆ ಕೊರತೆ ಕಾಣುವುದಿಲ್ಲ, ಅದನ್ನು ಮುಚ್ಚಿದ ದಿನವೇ ಗೊತ್ತಾಗುತ್ತದೆ. ಶ್ವಾಸಕೋಶದ ಧಮನಿಯ ಕವಾಟವೇ ರಚನೆಯಾಗದ ಮಗುವಿನಲ್ಲಿ ಶ್ವಾಸಕೋಶಕ್ಕೆ ರಕ್ತ ತಲುಪುವುದು ಈ ಕಿರುನಾಳದಿಂದ. ಅದು ಮುಚ್ಚಿದರೆ ಮಗು ನೀಲಿಗಟ್ಟುತ್ತದೆ. ಹೃದಯದ ಎಡಭಾಗ ಬೆಳೆಯದ ಅಥವಾ ಮಹಾಪಧಮನಿ ಒಂದೆಡೆ ತೀರ ಕಿರಿದಾದ ಮಗುವಿನಲ್ಲಿ ದೇಹಕ್ಕೆ, ವಿಶೇಷವಾಗಿ ಕೆಳಭಾಗಕ್ಕೆ, ರಕ್ತ ಸಿಗುವುದೂ ಇದೇ ನಾಳದಿಂದ. ಅದು ಮುಚ್ಚಿದಾಗ ಮಗು ಬೂದಿಬಣ್ಣಕ್ಕೆ ತಿರುಗಿ ತಣ್ಣಗಾಗುತ್ತದೆ, ಮೂತ್ರ ನಿಲ್ಲುತ್ತದೆ, ಕಾಲಿನ ನಾಡಿ ಸಿಗುವುದಿಲ್ಲ. ಎರಡು ಮಹಾನಾಳಗಳು ಅದಲುಬದಲಾಗಿ ಜೋಡಣೆಗೊಂಡ ಹೃದಯದಲ್ಲಿ ಶುದ್ಧರಕ್ತ ಶ್ವಾಸಕೋಶದತ್ತಲೇ ಸುತ್ತುತ್ತ, ಅಶುದ್ಧರಕ್ತ ದೇಹದಲ್ಲೇ ಸುತ್ತುತ್ತ ಉಳಿಯುತ್ತದೆ. ಎರಡೂ ಬೆರೆಯಲು ಈ ಅಡ್ಡದಾರಿಗಳನ್ನು ಬಿಟ್ಟರೆ ಬೇರೆ ಗತಿಯಿಲ್ಲ.

ಇದರ ಕಾಲಲೆಕ್ಕವನ್ನು ನಮ್ಮ ಭಾಗದ ಬಾಣಂತನದ ಪಕ್ಕದಲ್ಲಿಟ್ಟು ನೋಡಬೇಕು. ಸಿಂಧನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆಯಾದ ತಾಯಿಯನ್ನು ಕನಿಷ್ಠ 48 ಗಂಟೆ ಇರಿಸಿಕೊಳ್ಳಬೇಕೆಂಬ ನಿಯಮವಿದೆ. ಮನೆಯಲ್ಲಿ ಇನ್ನೊಂದು ಮಗುವಿದೆ, ದನಕರುಗಳಿವೆ, ಜೊತೆಗಿದ್ದವರಿಗೆ ಕೂಲಿ ತಪ್ಪುತ್ತದೆ ಎಂದು ಎಷ್ಟೋ ಕುಟುಂಬಗಳು ಅದಕ್ಕೂ ಮೊದಲೇ ಹೊರಡುತ್ತವೆ. ಅವರನ್ನು ದೂರುವುದರಿಂದ ಪ್ರಯೋಜನವಿಲ್ಲ. ಆದರೆ ಕಿರುನಾಳ ಮುಚ್ಚುವ ಹೊತ್ತಿಗೂ ಬಾಣಂತಿಯನ್ನು ಆಸ್ಪತ್ರೆಯಿಂದ ಮನೆಗೆ ಬಿಡುವ ನಗು-ಮಗು ವಾಹನ ಊರು ಮುಟ್ಟುವ ಹೊತ್ತಿಗೂ ಹೀಗೆ ತಾಳೆಯಾಗಿಬಿಡುತ್ತದೆ. ಮೂರನೇ ದಿನದಿಂದ ಎರಡನೇ ವಾರದೊಳಗೆ ಮಗು ಹಾಲು ಬಿಟ್ಟಾಗ, ಮೊದಲು ದೃಷ್ಟಿ ತೆಗೆಯುತ್ತಾರೆ. ಬಾಲಗ್ರಹವೆಂದು ಅಂತ್ರ ಕಟ್ಟಿಸುತ್ತಾರೆ. ಕೆಲವು ಊರುಗಳಲ್ಲಿ ಹೊಟ್ಟೆಯ ಮೇಲೆ ಬರೆ ಎಳೆಯುವ ಕ್ರೂರ ಪದ್ಧತಿ ಇನ್ನೂ ಪೂರ್ತಿ ನಿಂತಿಲ್ಲ. ಆಸ್ಪತ್ರೆಗೆ ಒಯ್ದರೂ ರಕ್ತದ ಸೋಂಕು ಅಥವಾ ನಿಮೋನಿಯಾ ಎಂದೇ ಮೊದಲ ಅನುಮಾನ ಬರುತ್ತದೆ, ಏಕೆಂದರೆ ಎಳೆಗೂಸುಗಳಲ್ಲಿ ಅವು ಹೃದಯದೋಷಕ್ಕಿಂತ ಹೆಚ್ಚು ಸಾಮಾನ್ಯ ಮತ್ತು ಮೇಲ್ನೋಟದ ಲಕ್ಷಣಗಳು ಒಂದೇ ಬಗೆಯವು. ಸೋಂಕಿಗೆ ಔಷಧಿ ಆರಂಭಿಸುವುದು ತಪ್ಪಲ್ಲ. ಅದರ ಜೊತೆಗೇ ಹೃದಯದ ಕಡೆಗೂ ಯೋಚನೆ ಹರಿಯದಿದ್ದರೆ ಕೈಯಲ್ಲಿದ್ದ ಅಲ್ಪ ಸಮಯ ಕಳೆದುಹೋಗುತ್ತದೆ.

ಬಾಣಂತಿಯ ಕೋಣೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಗಾಳಿ ಸೋಕಬಾರದೆಂದು ಕಿಟಕಿ ಮುಚ್ಚಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಲೋಬಾನದ ಹೊಗೆ ಹಾಕಿ, ಕೂಸಿಗೆ ಕುಲಾವಿ ತೊಡಿಸಿ ಎರಡು ಮೂರು ಪದರ ಬಟ್ಟೆಯಲ್ಲಿ ಸುತ್ತಿಡುವುದು ನಮ್ಮಲ್ಲಿ ರೂಢಿ. ಕೂಸನ್ನು ಬೆಚ್ಚಗಿಡಬೇಕೆಂಬ ಕಾಳಜಿ ಸರಿಯೇ. ಆದರೆ ಆ ಕತ್ತಲೆಯಲ್ಲಿ, ಆ ಹೊಗೆಯಲ್ಲಿ ಮಗುವಿನ ತುಟಿಯ ಬಣ್ಣ ತಿಳಿಯುವುದಿಲ್ಲ, ಬಟ್ಟೆಯೊಳಗಿನ ಎದೆ ಎಷ್ಟು ವೇಗವಾಗಿ ಏರಿಳಿಯುತ್ತಿದೆ ಎಂಬುದೂ ಕಾಣುವುದಿಲ್ಲ. ದಿನದಲ್ಲಿ ಕೂಸಿನ ಮೈ ಪೂರ್ತಿ ಬಿಚ್ಚುವುದು ಎರೆಯುವ ಹೊತ್ತಿನಲ್ಲಿ ಮಾತ್ರ. ಎರಡೂ ಕಾಲು ಚಾಚಿ ಕುಳಿತು, ಕಾಲ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ ನೀರೆರೆಯುವ ಹಿರಿಯಾಕೆಯ ಅಂಗೈ ಮಗುವಿನ ಎದೆಯ ಮೇಲೆಯೇ ಇರುತ್ತದೆ. ನೀರು ಹಾಕುವ ಮೊದಲು, ಮಗು ಅಳದೆ ಸುಮ್ಮನಿರುವಾಗ, ಬೆಳಕಿರುವ ಕಡೆ ಒಂದು ನಿಮಿಷ ಆಕೆ ಆ ಎದೆಯನ್ನು ಗಮನಿಸಿದರೆ ಸಾಕು, ಆಶಾ ಕಾರ್ಯಕರ್ತೆ ಬರುವ ದಿನಕ್ಕಾಗಿ ಕಾಯಬೇಕಿಲ್ಲ. ಎಳೆಗೂಸು ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಮತ್ತೊಮ್ಮೆ ಎಣಿಸಿದಾಗಲೂ ಅಷ್ಟೇ ಇದ್ದರೆ, ಪಕ್ಕೆಲುಬಿನ ಕೆಳಗಿನ ಭಾಗ ಒಳಕ್ಕೆ ಎಳೆದುಕೊಳ್ಳುತ್ತಿದ್ದರೆ, ಅದು ಕಾಯಿಲೆಯ ಗುರುತು.

ಬಣ್ಣದ ವಿಷಯದಲ್ಲಿ ಗೊಂದಲ ಹೆಚ್ಚು. ಎರೆದ ಮೇಲೆ ಅಥವಾ ಚಳಿಯಲ್ಲಿ ಕೂಸಿನ ಅಂಗೈ, ಅಂಗಾಲುಗಳು ನೀಲಿಯಾಗುವುದು ಮೊದಲ ದಿನಗಳಲ್ಲಿ ಸಹಜ. ನಾಲಿಗೆ, ಒಸಡು, ತುಟಿಯ ಒಳಭಾಗ ನೀಲಿಯಾಗಿದ್ದರೆ ಅದು ಯಾವತ್ತೂ ಸಹಜವಲ್ಲ. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಚರ್ಮದ ಮೇಲೆ ನೀಲಿ ಛಾಯೆ ಗೊತ್ತಾಗುವುದಿಲ್ಲವಾದ್ದರಿಂದ ಬಾಯಿಯ ಒಳಗೇ ನೋಡಬೇಕು. ಇಷ್ಟಾದರೂ ಬರಿಗಣ್ಣು ನಂಬಿಕೆಗೆ ಅರ್ಹವಲ್ಲ: ರಕ್ತದ ಆಮ್ಲಜನಕ ಪ್ರಮಾಣ ಶೇ 80ರಿಂದ 85ರ ಆಸುಪಾಸಿಗೆ ಇಳಿಯುವವರೆಗೂ ನುರಿತ ವೈದ್ಯರ ಕಣ್ಣಿಗೂ ಎಷ್ಟೋ ಸಲ ಅದು ತಿಳಿಯುವುದಿಲ್ಲ, ಮಗುವಿಗೆ ರಕ್ತಹೀನತೆಯಿದ್ದರಂತೂ ಇನ್ನಷ್ಟು ತಡವಾಗುತ್ತದೆ.

ಈ ಕೊರತೆಯನ್ನು ತುಂಬಲೆಂದೇ ಪಲ್ಸ್ ಆಕ್ಸಿಮೀಟರ್ ತಪಾಸಣೆ ಬಂದಿದೆ. ಅಮೆರಿಕದಲ್ಲಿ 2011ರಲ್ಲಿ ಇದನ್ನು ಎಲ್ಲ ನವಜಾತ ಶಿಶುಗಳಿಗೂ ಶಿಫಾರಸು ಮಾಡಲಾಯಿತು. ವಿಧಾನ ಸರಳವಾಗಿದೆ. ಹುಟ್ಟಿ 24 ಗಂಟೆ ಕಳೆದ ಮೇಲೆ, ಮಗು ಶಾಂತವಾಗಿರುವಾಗ, ಬಲಗೈಗೊಮ್ಮೆ ಮತ್ತು ಯಾವುದಾದರೂ ಒಂದು ಪಾದಕ್ಕೊಮ್ಮೆ ಪಟ್ಟಿಯಂಥ ಪ್ರೋಬ್ ಸುತ್ತಿ ಆಮ್ಲಜನಕದ ಪ್ರಮಾಣ ಓದುತ್ತಾರೆ. ಬಲಗೈಯೇ ಏಕೆಂದರೆ, ಅಲ್ಲಿಗೆ ಹೋಗುವ ರಕ್ತನಾಳ ಕಿರುನಾಳ ಕೂಡುವ ಜಾಗಕ್ಕಿಂತ ಮೊದಲೇ ಕವಲೊಡೆಯುತ್ತದೆ. ಪಾದಕ್ಕೆ ಹೋಗುವ ರಕ್ತ ಆ ಜಾಗವನ್ನು ದಾಟಿ ಹೋಗುತ್ತದೆ. ಆದ್ದರಿಂದ ಎರಡರ ನಡುವಣ ವ್ಯತ್ಯಾಸವೇ ಒಂದು ಸುಳಿವು. ಎರಡೂ ಕಡೆ ಶೇ 95 ಅಥವಾ ಅದಕ್ಕಿಂತ ಹೆಚ್ಚಿದ್ದು ವ್ಯತ್ಯಾಸ 3ನ್ನು ಮೀರದಿದ್ದರೆ ಮಗು ತೇರ್ಗಡೆಯಾದಂತೆ. ಎಲ್ಲಿಯಾದರೂ 90ಕ್ಕಿಂತ ಕಡಿಮೆಯಿದ್ದರೆ ತಕ್ಷಣವೇ ಮಕ್ಕಳ ತಜ್ಞರು ನೋಡಬೇಕು. ನಡುವೆ ಬಂದರೆ ಒಂದು ಗಂಟೆ ಬಿಟ್ಟು ಮತ್ತೆ ಅಳೆಯಬೇಕು. ಸೂಜಿಯಿಲ್ಲ, ನೋವಿಲ್ಲ, ಕೆಲವೇ ನಿಮಿಷಗಳ ಕೆಲಸ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ, ಬೆರಳಿಗೆ ಸಿಕ್ಕಿಸುವ ಯಂತ್ರ ಎಳೆಗೂಸಿನ ಬೆರಳಿಗೆ ಹೊಂದುವುದಿಲ್ಲವಾದ್ದರಿಂದ ಅದರ ಓದನ್ನು ನೆಚ್ಚಬಾರದು.

ಈ ತಪಾಸಣೆಯಲ್ಲಿ ತೇರ್ಗಡೆಯಾದ ಮಾತ್ರಕ್ಕೆ ಹೃದಯ ನಿರ್ದೋಷಿಯೆಂದು ತೀರ್ಮಾನಿಸುವಂತಿಲ್ಲ. ಮಹಾಪಧಮನಿ ಕಿರಿದಾಗಿರುವ ಮಕ್ಕಳಲ್ಲಿ ಮೊದಲ ದಿನ ಓದು ಸರಿಯಾಗಿಯೇ ಬರಬಹುದು; ಅಂಥವರನ್ನು ಹಿಡಿಯಲು ತೊಡೆಸಂದಿಯ ನಾಡಿಯನ್ನು ಬೆರಳಿನಿಂದ ಮುಟ್ಟಿ ನೋಡುವ ಹಳೆಯ ಪರೀಕ್ಷೆಯೇ ಬೇಕು. ಇನ್ನೊಂದೆಡೆ, ಓದು ಕಡಿಮೆ ಬಂದ ಎಲ್ಲ ಮಕ್ಕಳಿಗೂ ಹೃದಯದೋಷವಿರುವುದಿಲ್ಲ; ಕೆಲವರಲ್ಲಿ ಸೋಂಕು ಅಥವಾ ಶ್ವಾಸಕೋಶದ ತೊಂದರೆ ಪತ್ತೆಯಾಗುತ್ತದೆ. ಅದೂ ಸಮಯಕ್ಕೆ ಸಿಕ್ಕ ರೋಗವೇ ಆದ್ದರಿಂದ ತಪಾಸಣೆ ವ್ಯರ್ಥವಾಯಿತೆಂದು ತಿಳಿಯಬೇಕಿಲ್ಲ. ಹೆರಿಗೆಯ ನಂತರ ಬಿಡುಗಡೆಯ ಚೀಟಿ ಪಡೆಯುವಾಗ, ‘ಕೂಸಿನ ಕೈಕಾಲಿಗೆ ಆಕ್ಸಿಜನ್ ನೋಡಿದಿರಾ’ ಎಂದು ಕೇಳುವುದನ್ನು ನಮ್ಮ ಭಾಗದ ಪ್ರತಿ ಕುಟುಂಬವೂ ರೂಢಿಸಿಕೊಳ್ಳಬೇಕೆಂದು ಈ ಲೇಖಕ ಮನಸಾರೆ ಬಯಸುತ್ತಾನೆ.

ಅನುಮಾನ ಬಂದ ಮಗುವಿಗೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಪರೀಕ್ಷೆಯಿಂದ ದೋಷ ಖಚಿತವಾಗುತ್ತದೆ. ಎಕೋ ಸಿಗುವವರೆಗೆ ಕಾಯುವ ಅವಧಿಯಲ್ಲಿ ಪ್ರಾಣ ಉಳಿಸುವ ಔಷಧಿ ಪ್ರೊಸ್ಟಾಗ್ಲಾಂಡಿನ್ ಇ1. 1970ರ ದಶಕದಲ್ಲಿ ಚಿಕಿತ್ಸೆಗೆ ಬಂದ ಇದನ್ನು ರಕ್ತನಾಳದ ಮೂಲಕ ಸತತವಾಗಿ ಹನಿಸಿದರೆ ಮುಚ್ಚುತ್ತಿರುವ ಕಿರುನಾಳ ಮತ್ತೆ ತೆರೆದುಕೊಳ್ಳುತ್ತದೆ, ದೂರದ ಶಸ್ತ್ರಚಿಕಿತ್ಸಾ ಕೇಂದ್ರ ತಲುಪಲು ಅವಕಾಶ ದೊರೆಯುತ್ತದೆ. ಇದರಿಂದ ಕೆಲವು ಮಕ್ಕಳಲ್ಲಿ ಉಸಿರು ನಡುನಡುವೆ ನಿಲ್ಲುವ ಸಂಭವವಿರುವುದರಿಂದ, ಉಸಿರಾಟ ನೀಡಲು ಬಲ್ಲವರು ಜೊತೆಗಿರಬೇಕು. ಔಷಧಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಕಾಪಾಡಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಇದು ಸಣ್ಣ ವಿಷಯವಲ್ಲ. ಪೋಷಕರನ್ನು ಗಾಬರಿಗೊಳಿಸುವ ಇನ್ನೊಂದು ಸಂಗತಿ ಆಮ್ಲಜನಕದ್ದು. ಕಿರುನಾಳವನ್ನೇ ನಂಬಿರುವ ಮಗುವಿನಲ್ಲಿ ವೈದ್ಯರು ಮಾನಿಟರ್ ಓದನ್ನು 75ರಿಂದ 85ರ ನಡುವೆಯೇ ಇರಿಸಲು ನೋಡಬಹುದು, ಆಮ್ಲಜನಕವನ್ನು ಬೇಕೆಂದೇ ಮಿತಗೊಳಿಸಬಹುದು; ಹೆಚ್ಚಿನ ಆಮ್ಲಜನಕ ಆ ನಾಳ ಮುಚ್ಚಲು ಪ್ರಚೋದನೆಯಾಗುತ್ತದೆ ಎಂಬುದೇ ಇದಕ್ಕೆ ಕಾರಣ. ‘ಮಗುವಿಗೆ ಆಕ್ಸಿಜನ್ನೇ ಹಾಕುತ್ತಿಲ್ಲ’ ಎಂದು ಜಗಳಕ್ಕಿಳಿಯುವ ಮೊದಲು ಕಾರಣ ಕೇಳಬೇಕು. ವೈದ್ಯರೂ ಕೇಳುವ ಮೊದಲೇ ಬಿಡಿಸಿ ಹೇಳಬೇಕು.

‘ಹಾರ್ಟಿನ್ಯಾಗ ತೂತು ಐತಿ’ ಎಂದು ಕೇಳಿದೊಡನೆ ಮನೆಮಂದಿ ಕುಸಿದುಹೋಗುವುದುಂಟು. ಎಲ್ಲ ತೂತುಗಳೂ ಒಂದೇ ತೂಕದವಲ್ಲ. ಹುಟ್ಟಿದ ವಾರದಲ್ಲಿ ಎಕೋ ಮಾಡಿದರೆ ಮೇಲಿನ ಕೋಣೆಗಳ ನಡುವೆ ಸಣ್ಣ ಕಿಂಡಿ ಹೆಚ್ಚಿನ ಮಕ್ಕಳಲ್ಲಿ ಕಾಣಿಸುತ್ತದೆ. ಅದು ಗರ್ಭಕಾಲದ ಉಳಿಕೆ, ಬಹುಪಾಲು ತಾನೇ ಮುಚ್ಚುತ್ತದೆ. ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳ ನಡುವಣ ಗೋಡೆಯ ಸಣ್ಣ ರಂಧ್ರಗಳಲ್ಲೂ ಅನೇಕವು ಒಂದೆರಡು ವರ್ಷಗಳಲ್ಲಿ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಸ್ಟೆತಾಸ್ಕೋಪಿನಲ್ಲಿ ಜೋರಾಗಿ ಸದ್ದು ಮಾಡುವ ದೋಷ ಹೆಚ್ಚು ಅಪಾಯಕಾರಿ ಎಂದೂ ಇಲ್ಲ. ಸಣ್ಣ ರಂಧ್ರದ ಸದ್ದು ದೊಡ್ಡದಿರಬಹುದು, ನಾಳಗಳು ಅದಲುಬದಲಾದ ಹೃದಯದಲ್ಲಿ ಸದ್ದೇ ಇಲ್ಲದಿರಬಹುದು.

ದೊಡ್ಡ ರಂಧ್ರದ ಕಥೆ ಬೇರೆ. ಹುಟ್ಟಿದಾಗ ಶ್ವಾಸಕೋಶದ ರಕ್ತನಾಳಗಳು ಇನ್ನೂ ಬಿಗಿಯಾಗಿರುವುದರಿಂದ ರಂಧ್ರದ ಮೂಲಕ ಹೆಚ್ಚು ರಕ್ತ ಹರಿಯುವುದಿಲ್ಲ. ಎರಡರಿಂದ ಆರು ವಾರಗಳಲ್ಲಿ ಆ ಬಿಗಿ ಸಡಿಲಗೊಂಡಂತೆ ಎಡದಿಂದ ಬಲಕ್ಕೆ ರಕ್ತ ನುಗ್ಗಿ ಶ್ವಾಸಕೋಶಗಳನ್ನು ತುಂಬುತ್ತದೆ. ಆಗ ಕಾಣುವ ಲಕ್ಷಣಗಳನ್ನು ತಾಯಿ ಎಲ್ಲರಿಗಿಂತ ಮೊದಲು ಗುರುತಿಸುತ್ತಾಳೆ: ನಾಲ್ಕು ಗುಟುಕು ಚೀಪಿ ಮೊಲೆ ಬಿಡುತ್ತದೆ, ಏದುಸಿರು ಬಿಟ್ಟು ಮತ್ತೆ ಹಿಡಿಯುತ್ತದೆ, ಹಣೆಯ ಮೇಲೆ ಬೆವರು ಸಾಲುಗಟ್ಟುತ್ತದೆ, ಹೊಟ್ಟೆ ತುಂಬುವ ಮೊದಲೇ ದಣಿದು ನಿದ್ದೆಹೋಗುತ್ತದೆ, ಸ್ವಲ್ಪ ಹೊತ್ತಿಗೇ ಹಸಿದು ಅಳುತ್ತದೆ. ‘ನಿನಗೆ ಹಾಲು ಸಾಲುತ್ತಿಲ್ಲ’ ಎಂದು ಸುತ್ತಲಿನವರು ಅವಳನ್ನೇ ದೂರುತ್ತಾರೆ. ಆಶಾ ಕಾರ್ಯಕರ್ತೆ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 3, 7, 14, 21, 28 ಮತ್ತು 42ನೇ ದಿನಗಳಂದು ಮನೆಗೆ ಬಂದು ನೋಡಬೇಕಿದೆ. ಆಕೆಯ ತೂಕದ ಜೋಳಿಗೆ ಇಲ್ಲಿ ಯಾವ ಯಂತ್ರಕ್ಕೂ ಕಡಿಮೆಯಲ್ಲ. ಮೊದಲ ವಾರದ ಸಹಜ ಇಳಿಕೆಯ ನಂತರ ಎಳೆಗೂಸು ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಬೇಕು. ತೂಕ ನಿಂತಲ್ಲೇ ನಿಂತಿದ್ದರೆ, ಅದರ ಜೊತೆಗೆ ಮೇಲಿನ ಲಕ್ಷಣಗಳಿದ್ದರೆ, ಅಥವಾ ಮೊದಲ ತಿಂಗಳುಗಳಲ್ಲೇ ಮತ್ತೆ ಮತ್ತೆ ನಿಮೋನಿಯಾ ಬರುತ್ತಿದ್ದರೆ ಎಕೋ ಮಾಡಿಸಲೇಬೇಕು.

ಇಂಥ ರಂಧ್ರವನ್ನು ‘ದೊಡ್ಡವನಾದ ಮೇಲೆ ನೋಡೋಣ’ ಎಂದು ಮುಂದೂಡುವುದು ತೀರ ಅಪಾಯಕರ. ವರ್ಷಗಟ್ಟಲೆ ಹೆಚ್ಚಿನ ಒತ್ತಡದ ರಕ್ತಕ್ಕೆ ಸಿಕ್ಕ ಶ್ವಾಸಕೋಶದ ನಾಳಗಳು ಗಡುಸಾಗಿ, ಕೊನೆಗೆ ಒತ್ತಡ ತಿರುಗಿಬಿದ್ದು ಅಶುದ್ಧರಕ್ತ ದೇಹಕ್ಕೆ ಸೇರತೊಡಗುತ್ತದೆ. 1897ರಲ್ಲಿ ವಿಕ್ಟರ್ ಐಸೆನ್‌ಮೆಂಗರ್ ವಿವರಿಸಿದ ಈ ಸ್ಥಿತಿ ತಲುಪಿದ ಮೇಲೆ ರಂಧ್ರ ಮುಚ್ಚಿದರೆ ರೋಗಿಗೆ ಕೆಡುಕೇ ಹೆಚ್ಚು. ವಿಚಿತ್ರವೆಂದರೆ, ಆ ಹಂತಕ್ಕೆ ಸಾಗುವ ದಾರಿಯಲ್ಲಿ ಮಗುವಿನ ಉಬ್ಬಸ ಕಡಿಮೆಯಾಗಿ, ಗುಣವಾದಂತೆ ಕಾಣಿಸುತ್ತದೆ. ಎಷ್ಟೋ ಮನೆಗಳಲ್ಲಿ ಆಸ್ಪತ್ರೆಯ ಅಲೆದಾಟ ನಿಲ್ಲುವುದು ಅದೇ ಸಮಯದಲ್ಲಿ.

ಇವೆಲ್ಲವುಗಳ ನಡುವೆ ತಾಯಿಯ ಮೇಲೆ ಹೊರಿಸುವ ಅಪವಾದ ಬೇರೆ. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು, ಭಾರ ಎತ್ತಿದಳು, ಇಂಥದ್ದು ತಿಂದಳು ಎಂಬ ಮಾತುಗಳಿಗೆ ಯಾವ ಆಧಾರವೂ ಇಲ್ಲ. ಹೃದಯದ ನಾಲ್ಕು ಕೋಣೆಗಳ ರಚನೆ ಗರ್ಭಧಾರಣೆಯಿಂದ ಸುಮಾರು 8 ವಾರಗಳೊಳಗೆ ಮುಗಿಯುತ್ತದೆ. ಅಷ್ಟರಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಗರ್ಭಿಣಿಯೆಂಬುದೇ ಆಗತಾನೆ ತಿಳಿದಿರುತ್ತದೆ. ಹೆಚ್ಚಿನ ಮಕ್ಕಳಲ್ಲಿ ಒಂದೇ ಕಾರಣವನ್ನು ಬೆರಳಿಟ್ಟು ತೋರಿಸಲಾಗದು. ಅಪಾಯವನ್ನು ಹೆಚ್ಚಿಸುವವೆಂದು ತಿಳಿದಿರುವ ಸಂಗತಿಗಳು ಕೆಲವಿವೆ. ಗರ್ಭಧಾರಣೆಗೆ ಮೊದಲೇ ಇದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಮೊದಲ ತಿಂಗಳುಗಳಲ್ಲಿ ತಗುಲುವ ರುಬೆಲ್ಲಾ ಸೋಂಕು, ಅಪಸ್ಮಾರದ ಕೆಲವು ಔಷಧಿಗಳು ಅವುಗಳಲ್ಲಿ ಸೇರಿವೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಹೃದಯದೋಷವಿರುವುದರಿಂದ ಅವರೆಲ್ಲರಿಗೂ ಎಕೋ ಮಾಡಿಸಬೇಕು. ನಮ್ಮ ಭಾಗದಲ್ಲಿ ಮುಚ್ಚುಮರೆಯಿಲ್ಲದೆ ಹೇಳಬೇಕಾದ ಇನ್ನೊಂದು ಕಾರಣ ರಕ್ತಸಂಬಂಧದ ಮದುವೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಡುವುದು ಆಸ್ತಿ, ನಂಟು, ನಂಬಿಕೆಗಳ ಕಾರಣದಿಂದ ಮುಂದುವರಿದಿದೆ. ಇಂಥ ಮದುವೆಗಳಲ್ಲಿ ಹುಟ್ಟುವ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಇದ್ದರೂ ಹೃದಯದೋಷದ ಸಂಭವ ಏರುತ್ತದೆ ಎಂಬುದನ್ನು ಅಧ್ಯಯನಗಳು ತೋರಿಸಿವೆ. ರುಬೆಲ್ಲಾ ವಿಷಯದಲ್ಲಿ ಸಮಾಧಾನವಿದೆ: 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಆರಂಭಗೊಂಡ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಚಿಕಿತ್ಸೆಯ ಖರ್ಚಿಗೆ ಹೆದರಿ ಸುಮ್ಮನಿರುವ ಕುಟುಂಬಗಳು ತಿಳಿದಿರಬೇಕಾದ ದಾರಿಯೊಂದಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಸುತ್ತದೆ, ಅದರ ಪಟ್ಟಿಯಲ್ಲಿ ಜನ್ಮಜಾತ ಹೃದಯದೋಷವೂ ಇದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ನೆರವು ದೊರೆಯುತ್ತದೆ. ರಾಯಚೂರಿನ ರಿಮ್ಸ್, ಕೊಪ್ಪಳದ ವೈದ್ಯಕೀಯ ವಿಜ್ಞಾನ ಸಂಸ್ಥೆ, ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವು ಮೊದಲ ಆಸರೆ. ಎಳೆಗೂಸಿನ ಹೃದಯದ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಬೆಂಗಳೂರು ಅಥವಾ ಹೈದರಾಬಾದಿನಂಥ ನಗರಕ್ಕೆ ಕಳುಹಿಸುತ್ತಾರೆ. ಬೆಂಗಳೂರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯಿದೆ, ವೈಟ್‌ಫೀಲ್ಡ್‌ನಲ್ಲಿ 2001ರಿಂದ ಹಣ ಪಡೆಯದೆ ಚಿಕಿತ್ಸೆ ನೀಡುತ್ತ ಬಂದಿರುವ ಸತ್ಯಸಾಯಿ ಆಸ್ಪತ್ರೆಯಿದೆ. ಬಳ್ಳಾರಿಯಿಂದ ಬೆಂಗಳೂರು ಸುಮಾರು 300 ಕಿಲೋಮೀಟರ್, ರಾಯಚೂರಿನಿಂದ 400ಕ್ಕೂ ಹೆಚ್ಚು. ನಾಳಗಳು ಅದಲುಬದಲಾದ ಮಗುವಿಗೆ ಅವುಗಳನ್ನು ಸರಿಜೋಡಿಸುವ ಶಸ್ತ್ರಚಿಕಿತ್ಸೆ ಮೊದಲ ಎರಡು ಮೂರು ವಾರಗಳಲ್ಲೇ ಆಗಬೇಕೆಂಬುದನ್ನು ನೆನೆದರೆ, ಕಾಗದಪತ್ರಕ್ಕಾಗಿ ಕಳೆಯುವ ಒಂದೊಂದು ದಿನವೂ ಎಷ್ಟು ದುಬಾರಿಯೆಂಬುದು ಮನದಟ್ಟಾಗುತ್ತದೆ. ರೇಷನ್ ಕಾರ್ಡ್, ಆಧಾರ್, ತಾಯಿ ಕಾರ್ಡ್‌ಗಳನ್ನು ಒಂದೆಡೆ ಇಟ್ಟುಕೊಂಡಿರಬೇಕು. ಹೊರಡುವ ಮೊದಲು ಅಲ್ಲಿನ ಆಸ್ಪತ್ರೆಯೊಂದಿಗೆ ವೈದ್ಯರೇ ಮಾತನಾಡಿ ಹಾಸಿಗೆ ಖಚಿತಪಡಿಸಿಕೊಳ್ಳಬೇಕು. ಬಾಡಿಗೆ ಕಾರಿನಲ್ಲಿ, ಆಮ್ಲಜನಕವಾಗಲಿ ನೋಡಿಕೊಳ್ಳುವ ನರ್ಸ್ ಆಗಲಿ ಇಲ್ಲದೆ, ರಾತ್ರಿಯಿಡೀ ಸಾಗಿಸಿದ ಮಗು ದಾರಿಯಲ್ಲೇ ತಣ್ಣಗಾಗುವ ಅಪಾಯವಿದೆ. ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟುಕೊಂಡು ಬೆಚ್ಚಗಿರಿಸುವುದು, ರಕ್ತದ ಸಕ್ಕರೆ ಕುಸಿಯದಂತೆ ವೈದ್ಯರು ಹೇಳಿದ ಕ್ರಮದಲ್ಲಿ ಹಾಲು ಅಥವಾ ಗ್ಲೂಕೋಸ್ ಕೊಡುವುದು ಔಷಧಿಯಷ್ಟೇ ಮುಖ್ಯ.

ಒಂದು ಮಗುವಿಗೆ ಹೃದಯದೋಷವಿದ್ದ ದಂಪತಿಗೆ ಮುಂದಿನ ಮಗುವಿನಲ್ಲೂ ಅದು ಕಾಣಿಸಿಕೊಳ್ಳುವ ಸಂಭವ, ದೋಷದ ಬಗೆಯನ್ನು ಅವಲಂಬಿಸಿ, ಸಾಮಾನ್ಯವಾಗಿ ಶೇ 2ರಿಂದ 5ರ ಆಸುಪಾಸಿನಲ್ಲಿರುತ್ತದೆ. ಅಂದರೆ ಮುಂದಿನ ಮಗು ಆರೋಗ್ಯವಾಗಿರುವ ಸಾಧ್ಯತೆಯೇ ಬಹಳ ಹೆಚ್ಚು. ಆದರೂ ಅಂಥ ಗರ್ಭಿಣಿ 18ರಿಂದ 22 ವಾರಗಳ ನಡುವೆ ಭ್ರೂಣದ ಎಕೋ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸ್ಕ್ಯಾನ್ ಬಗ್ಗೆ ಅಂಜಿಕೆ ಬೇಡ. ಕಾನೂನು ನಿಷೇಧಿಸಿರುವುದು ಮಗು ಗಂಡೋ ಹೆಣ್ಣೋ ಎಂದು ತಿಳಿಸುವುದನ್ನು, ಅಂಗರಚನೆಯ ಪರೀಕ್ಷೆಯನ್ನಲ್ಲ. ಕಿರುನಾಳವನ್ನೇ ನೆಚ್ಚಬೇಕಾದ ದೋಷ ಹೊಟ್ಟೆಯಲ್ಲಿರುವಾಗಲೇ ತಿಳಿದುಬಂದರೆ, ಒಂಬತ್ತನೇ ತಿಂಗಳಲ್ಲಿ ತವರಿಗೆ ಹೋಗುವ ಬದಲು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಊರಿನಲ್ಲೇ ಉಳಿದು ಹೆರಿಗೆ ಮಾಡಿಸಿಕೊಳ್ಳುವ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಬಹುದು. ಆಗ ಹೊಕ್ಕುಳಬಳ್ಳಿ ಕತ್ತರಿಸಿದ ಮೊದಲ ಗಂಟೆಯಲ್ಲೇ ಪ್ರೊಸ್ಟಾಗ್ಲಾಂಡಿನ್ ಆರಂಭಿಸಲು ಸಾಧ್ಯವಾಗುತ್ತದೆ, ಮಗು 400 ಕಿಲೋಮೀಟರ್ ದಾರಿಯನ್ನು ತಾಯಿಯ ಹೊಟ್ಟೆಯಲ್ಲಿದ್ದುಕೊಂಡೇ ಕ್ರಮಿಸಿರುತ್ತದೆ.